ಐದು ಅಡಿ ಹತ್ತು ಇಂಚಿನ ಅಳಿಯ

“ಇನ್ನೂ ಮೇಲಕ್ಕೆ ಎಳೀರಿ,” ಎಂದಳು ಅಶ್ವಿನಿ, ಟೇಪಿನ ತುದಿಯನ್ನು ಹೆಬ್ಬೆರಳಿನಿಂದ ನೆಲಕ್ಕೆ ಒತ್ತಿ.

“ಇದಕ್ಕಿಂತ ಮೇಲಕ್ಕೆ ಜಾಗ ಇಲ್ಲ ಕಣೇ,” ಎಂದ ಮಹಾಂತೇಶ್.

ಅವನು ಅಡುಗೆಮನೆಯ ಗೋಡೆಗೆ ಬೆನ್ನು ಹಚ್ಚಿ, ಪಂಚೆಯನ್ನು ಮೇಲಕ್ಕೆ ಕಟ್ಟಿ, ಎರಡು ತೊಡೆಗಳ ನಡುವೆ ದಪ್ಪ ರಟ್ಟಿನ ಪುಸ್ತಕವೊಂದನ್ನು ಸಿಕ್ಕಿಸಿಕೊಂಡು ಬರಿಗಾಲಲ್ಲಿ ನಿಂತಿದ್ದ. ಮಿಕ್ಸರಿಗೆ ಒರಗಿಸಿಟ್ಟ ಮೊಬೈಲಿನಲ್ಲಿ ಯಾವುದೋ ದೇಶದ ಉದ್ದನೆಯ ಮನುಷ್ಯನೊಬ್ಬ ಇದೇ ಭಂಗಿಯಲ್ಲಿ ನಿಂತು ಮುಗುಳ್ನಗುತ್ತಿದ್ದ. ಮಹಾಂತೇಶ್ ನಗುತ್ತಿರಲಿಲ್ಲ.

ಅಷ್ಟರಲ್ಲಿ ಹೆಪ್ಪಿಗೆ ಮಜ್ಜಿಗೆ ಕೇಳಲು ಪಕ್ಕದ ಮನೆಯ ಲೋಕಮ್ಮ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದರು. ಬಂದವರು ಬಟ್ಟಲನ್ನು ಎದೆಗೆ ಒತ್ತಿಕೊಂಡು ನಿಂತರು.

“ಅಯ್ಯೋ ಶಿವನೇ! ಸರಸ್ವತೀನ ತಗಂಡು ಎಲ್ಲಿ ಇಟ್ಕಂಡೀಯೋ ಮಾಂತೇಶಾ!”

ಮಹಾಂತೇಶ್ ಬೆಚ್ಚಿ ಪುಸ್ತಕವನ್ನು ಹೊರಗೆ ಎಳೆದ. ತಪ್ಪಾಯಿತೆಂದು ಅದನ್ನು ಕಣ್ಣಿಗೆ ಒತ್ತಿಕೊಳ್ಳಲು ಹೋದವನು, ಅದು ಎಲ್ಲಿಂದ ಬಂತೆಂಬುದು ನೆನಪಾಗಿ ಅರ್ಧ ದಾರಿಯಲ್ಲೇ ಕೈ ನಿಲ್ಲಿಸಿದ.

“ಸೈಕಲ್ ತಗೊಳ್ತಿದಾರೆ ಲೋಕಮ್ಮಾ,” ಎಂದಳು ಅಶ್ವಿನಿ, ಎಲ್ಲವೂ ಇದರಿಂದ ತಿಳಿಯಾಗುತ್ತದೆ ಎಂಬಂತೆ.

“ಸೈಕಲ್ ತಗಳೋಕೆ ಪುಸ್ತಕ ಯಾಕೆ? ಪರೀಕ್ಷೆ ಇಟ್ಟಾರೇನು?”

ಪರೀಕ್ಷೆಯೇ ಇತ್ತು. ಮಹಾಂತೇಶನಿಗೆ ಶಿಕಾರಿಪುರದಲ್ಲಿ ಟೈಲು, ನಲ್ಲಿ, ಕಮೋಡುಗಳ ಅಂಗಡಿಯಿದೆ. ಸಕ್ಕರೆ ಕಾಯಿಲೆ ಬರುವ ಲಕ್ಷಣ ಇದೆ, ದಿನಾ ನಡೆಯಿರಿ ಎಂದು ಡಾಕ್ಟರು ಹೇಳಿದ್ದರು. ನಡೆಯುವುದು ಪಿಂಚಣಿದಾರರ ಕೆಲಸ ಎಂಬುದು ಮಹಾಂತೇಶನ ಅಭಿಪ್ರಾಯ. ಶಿವಮೊಗ್ಗದಲ್ಲಿ ನಡೆದ ಡೀಲರುಗಳ ಸಭೆಗೆ ಒಬ್ಬಾತ ಕುರಿಕೊಂಬಿನಂತೆ ಬಾಗಿದ ಹ್ಯಾಂಡಲಿನ ರೇಸಿನ ಸೈಕಲ್ ಏರಿ ಬಂದದ್ದನ್ನೂ, ಕಂಪನಿಯ ದೊಡ್ಡ ಸಾಹೇಬರು ಉಳಿದವರನ್ನೆಲ್ಲ ಬಿಟ್ಟು ಅವನ ಭುಜ ತಟ್ಟಿದ್ದನ್ನೂ ಅವನು ಕಣ್ಣಾರೆ ಕಂಡಿದ್ದ. ಅಂಥ ಸೈಕಲ್ ಆನ್‌ಲೈನಿನಲ್ಲಿ ಸಿಗುತ್ತದೆ. ಆದರೆ ಅದು ಅಂಗಿಯಂತೆ. ಮೈಗೆ ತಕ್ಕ ಅಳತೆ ಬೇಕು. ಎತ್ತರ ಎಷ್ಟು, ಕಾಲಿನ ಸಂದಿಯಿಂದ ನೆಲದವರೆಗೆ ಎಷ್ಟು, ಎರಡನ್ನೂ ಹೇಳಿದರೆ ಯಾವ ಸೈಜಿನ ಫ್ರೇಮು ಎಂಬುದನ್ನು ಮೊಬೈಲೇ ತಿಳಿಸುತ್ತದೆ. ಆ ಎರಡನೆಯ ಅಳತೆಗೆ ಪುಸ್ತಕ ಸಿಕ್ಕಿಸಿಕೊಳ್ಳಬೇಕು ಎಂದು ಉದ್ದನೆಯ ಮನುಷ್ಯ ಹೇಳಿದ್ದ. ಅವನ ಊರಿನಲ್ಲಿ ಲೋಕಮ್ಮ ಇಲ್ಲ.

ಪುಸ್ತಕದ ಬದಲು ಮಹಾಂತೇಶ್ ಮಣೆ ತಂದ.

“ಅದರ ಮೇಲೆ ನಿನ್ನ ಹೆಂಡ್ತಿ ಕೂತು ಲಿಂಗಪೂಜೆ ಮಾಡ್ಕಂತಾಳ,” ಎಂದರು ಲೋಕಮ್ಮ.

ಮಣೆ ಗೋಡೆಗೆ ಮರಳಿತು. ಕೊನೆಗೆ ಅವನು ತನ್ನ ಅಂಗಡಿಯಿಂದ ಮಾದರಿಗೆಂದು ತಂದಿದ್ದ ಬಚ್ಚಲುಮನೆಯ ಟೈಲೊಂದನ್ನು ಎತ್ತಿಕೊಂಡ. ಅದರ ಮೇಲೆ ಯಾವ ದೇವರೂ ಇರಲಿಲ್ಲ, ಒಂದು ನೀಲಿ ಹೂವಿತ್ತು ಅಷ್ಟೆ. ತಣ್ಣಗಿತ್ತು. ಮಹಾಂತೇಶ್ “ಹ್ಹಾ” ಎಂದ. ಅಶ್ವಿನಿ ಟೇಪು ಓದಿ ಎಪ್ಪತ್ತನಾಲ್ಕು ಸೆಂಟಿಮೀಟರ್ ಎಂದಳು. ಎತ್ತರ ಎಷ್ಟು ಹಾಕಲಿ ಎಂದು ಕೇಳದೆಯೇ ಐದು ಅಡಿ ಐದು ಇಂಚು ಎಂದು ಒತ್ತತೊಡಗಿದಳು.

“ಅಳಿಯಂದ್ರು ಮನೇಲಿದಾರಾ?”

ಬಾಗಿಲಲ್ಲಿ ಅಶ್ವಿನಿಯ ತಂದೆ ಗುರುಮಲ್ಲಪ್ಪನವರು ನಿಂತಿದ್ದರು. ಸೊರಬದಲ್ಲಿ ಅವರದು ಅಕ್ಕಿ ಗಿರಣಿ. ಗಿರಣಿಯ ಬೆಲ್ಟು ಕೊಳ್ಳಲು ಶಿಕಾರಿಪುರಕ್ಕೆ ಬಂದವರು ಊಟದ ಹೊತ್ತಿಗೆ ಸರಿಯಾಗಿ ಮಗಳ ಮನೆ ಸೇರಿದ್ದರು. ಅಶ್ವಿನಿಯ ಬೆರಳು ಮೊಬೈಲಿನ ಮೇಲೆ ನಿಂತಿತು. ಲೋಕಮ್ಮನವರ ಮುಖ ಬಿಳಿಚಿತು. ಟೈಲು ಮಾತ್ರ ಇದ್ದಲ್ಲೇ ಇತ್ತು.

ಇಲ್ಲಿ ಒಂದು ಮಾತು ಹೇಳಬೇಕು. ಗುರುಮಲ್ಲಪ್ಪನವರ ವಂಶದಲ್ಲಿ ಎತ್ತರ ಎಂಬುದು ಯಾರಿಗೂ ಬಂದಿಲ್ಲ. ಅವರ ಮನೆಯ ಗಣಪತಿ ಗೂಡು ಕೂಡ ಬೇರೆಯವರ ಮನೆಯಲ್ಲಿ ಸ್ವಿಚ್‌ಬೋರ್ಡು ಇರುವ ಮಟ್ಟದಲ್ಲಿದೆ. ಮಗಳಿಗೆ ಗಂಡು ನೋಡುವಾಗ ಅವರು ಆಸ್ತಿ ಕೇಳಲಿಲ್ಲ, ಓದು ಕೇಳಲಿಲ್ಲ. “ಹುಡುಗ ಎಷ್ಟು ಎತ್ತರ?” ಎಂದು ಕೇಳಿದರು. ಸಂಬಂಧ ತಂದ ಲೋಕಮ್ಮನವರು, ಹೇಳುವುದಾದರೆ ಧಾರಾಳವಾಗಿ ಹೇಳಬೇಕೆಂದು, “ಐದು ಅಡಿ ಹತ್ತು ಇಂಚು” ಎಂದುಬಿಟ್ಟರು. ಮದುವೆಯ ದಿನ ಪೇಟ, ದಪ್ಪ ಅಟ್ಟೆಯ ಬೂಟು ಸೇರಿ ಮಾತು ಹೆಚ್ಚುಕಡಿಮೆ ಉಳಿಯಿತು. ಆಮೇಲೆ ಯಾರೂ ಅಳೆಯಲಿಲ್ಲ. ಆ ಮನೆಯವರ ನಡುವೆ ನಿಂತಾಗಲೆಲ್ಲ ಮಹಾಂತೇಶ್ ಎತ್ತರವಾಗಿಯೇ ಕಾಣುತ್ತಿದ್ದ. ಸೊರಬದಲ್ಲಿ ಗುರುಮಲ್ಲಪ್ಪನವರು ಅಳಿಯನ ಹೆಸರು ಹೇಳುವುದೇ ಇಲ್ಲ, “ನಮ್ಮ ಐದು ಹತ್ತು” ಎನ್ನುತ್ತಾರೆ. ಅಶ್ವಿನಿಗೆ ಮದುವೆಯಾದ ಮರುದಿನವೇ ಸತ್ಯ ಗೊತ್ತಾಗಿತ್ತು. ಬಟ್ಟೆ ಒಣಹಾಕುವ ಹಗ್ಗ ಕಟ್ಟಲು ಗಂಡ ಸ್ಟೂಲು ತಂದಿದ್ದ. ಅವಳು ಏನೂ ಅನ್ನದೆ ಸ್ಟೂಲು ಹಿಡಿದುಕೊಂಡಿದ್ದಳು.

“ಅಪ್ಪಾಜಿ, ಸೈಕಲ್ಲಿಗೆ ಅಳತೆ,” ಎಂದಳು ಈಗ.

“ಭೇಷ್! ಎತ್ತರ ಎಷ್ಟು ಅಂತ ಕೇಳ್ತಾ? ಹಾಕು ಮಾರಾಯ್ತಿ, ಐದು ಹತ್ತು. ಇದನ್ನೂ ಕೇಳ್ಬೇಕಾ?”

ಅಶ್ವಿನಿ ಐದು ಹತ್ತು ಹಾಕಿದಳು. ಮೊಬೈಲು ಸ್ವಲ್ಪ ಯೋಚಿಸಿ, ಈ ಎತ್ತರಕ್ಕೆ ಈ ಕಾಲು ಹೊಂದುತ್ತಿಲ್ಲ, ದಯವಿಟ್ಟು ಮತ್ತೊಮ್ಮೆ ಅಳೆಯಿರಿ ಎಂದಿತು.

“ನೀನು ಅಳೆದಿದ್ದು ಸರಿಯಿಲ್ಲ,” ಎಂದು ಗುರುಮಲ್ಲಪ್ಪನವರು ತಾವೇ ಮೊಣಕಾಲೂರಿ ಟೇಪು ಹಿಡಿದರು. ಲೋಕಮ್ಮ ತಡಮಾಡಲಿಲ್ಲ. ಮೊಬೈಲು ತೋರಿಸುವ ನೆಪದಲ್ಲಿ ಮಾವನವರ ಕಣ್ಣಿಗೆ ಅಡ್ಡ ನಿಂತರು. ಆ ಮರೆಯಲ್ಲಿ ಮಹಾಂತೇಶ್ ಹಿಮ್ಮಡಿ ಎತ್ತಿದ, ತುದಿಗಾಲಿಗೆ ಬಂದ, ಟೈಲನ್ನು ಇನ್ನಷ್ಟು ಮೇಲಕ್ಕೆ ಎಳೆದ. ಅವನ ಕಣ್ಣಿನಲ್ಲಿ ನೀರು ಬಂತು.

“ಎಂಬತ್ತೆರಡು!” ಎಂದು ಕೂಗಿದರು ಗುರುಮಲ್ಲಪ್ಪನವರು. “ನೋಡಿ, ಕಾಲು ಎಲ್ಲಿಗೂ ಹೋಗಿಲ್ಲ.”

ಮೊಬೈಲು ಸಂತೋಷದಿಂದ ಐವತ್ತಾರು ಎಂದು ಸೈಜು ತೋರಿಸಿತು. ಐದು ಅಡಿ ಐದು ಇಂಚಿನ ಮನುಷ್ಯನಿಗೆ ಬೇಕಾದದ್ದು ಐವತ್ತೆರಡು. ಮಾವನವರು ತಮ್ಮ ಹೆಬ್ಬೆರಳಿನಿಂದಲೇ ಆರ್ಡರು ಒತ್ತಿದರು. ಅಳಿಯನಿಗೆ ಸೈಕಲ್ ಕೊಡಿಸಿದ ತೃಪ್ತಿಯಲ್ಲಿ ಎರಡು ರೊಟ್ಟಿ ಹೆಚ್ಚು ತಿಂದರು.

ಪೆಟ್ಟಿಗೆ ಬಂತು. ಹ್ಯಾಂಡಲು, ಸೀಟು, ಚಕ್ರಗಳನ್ನು ಮಹಾಂತೇಶ್ ಪೈಪು ತಿರುಗಿಸುವ ಪಾನಾದಿಂದಲೇ ಜೋಡಿಸಿದ. ಜೋಡಿಸಿ ಮುಗಿದ ಮೇಲೆ ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ಕಪ್ಪು ಸೈಕಲ್ ಅಂಗಳದಲ್ಲಿ ಕುದುರೆಯಂತೆ ನಿಂತಿತ್ತು. ಚೆಂದವಿತ್ತು. ಆದರೆ ನಡುವಿನ ಕೊಳವೆಯ ಮೇಲಿಂದ ಕಾಲು ಹಾಕಿ ನಿಂತಾಗ, ಇತ್ತ ಕಾಲು ನೆಲಕ್ಕೆ ಮುಟ್ಟಿದರೆ ಅತ್ತ ಕಾಲು ಗಾಳಿಯಲ್ಲಿ, ಅತ್ತ ಮುಟ್ಟಿದರೆ ಇತ್ತ. ಎರಡೂ ಒಟ್ಟಿಗೆ ಮುಟ್ಟಬೇಕಾದರೆ ನಡುವೆ ಆಗಬಾರದ್ದು ಆಗುತ್ತಿತ್ತು.

“ವಾಪಸ್ ಕಳಿಸಿಬಿಡಾನ್ರಿ,” ಎಂದಳು ಅಶ್ವಿನಿ.

“ಯಾಕೆ?”

“ದೊಡ್ಡದಾಗೈತಿ.”

“ಸೈಕಲ್ ದೊಡ್ಡದಾಗಿಲ್ಲ,” ಎಂದ ಮಹಾಂತೇಶ್ ಗಂಭೀರವಾಗಿ. “ವಾಪಸ್ ಹೋಯ್ತು ಅಂದ್ರ ಮಾವಾರು ಯಾಕಂತ ಕೇಳ್ತಾರ. ಏನಂತ ಹೇಳ್ಲಿ? ನಾನು ಚಿಕ್ಕೋನಾದೆ ಅಂತಾ?”

ಲೋಕಮ್ಮ ಬೇಲಿಯ ಆಚೆಯಿಂದಲೇ ತೀರ್ಪು ಕೊಟ್ಟರು: “ವಾಪಸ್ ಗೀಪಸ್ ಅಂದೀರಿ ಜೋಕೆ. ಸೊರಬದಾಗೆ ನನ್ನ ಮಾತು ಕೇಳಿ ಇನ್ನೂ ಮೂರು ಸಂಬಂಧ ಮಾತಾಡ್ತಾ ಅದಾರ.”

ಮರುದಿನ ಬೆಳಿಗ್ಗೆ ಮಹಾಂತೇಶ್ ತನ್ನ ಅಂಗಡಿಯ ಮುಂದಿನ ಮೆಟ್ಟಿಲಿನ ಮೇಲಿಂದ ಸೈಕಲ್ ಹತ್ತಿದ. ಹತ್ತುವುದು ಸುಲಭವಾಗಿತ್ತು. ಮೆಟ್ಟಿಲು ಎತ್ತರ, ಸೈಕಲ್ ಪಕ್ಕಕ್ಕೆ, ಕಾಲು ಆಚೆಗೆ, ಅಷ್ಟೆ. ಹ್ಯಾಂಡಲು ದೂರವಿದ್ದುದರಿಂದ ಗೋಡೆಗೆ ಅಂಟಿದ ಹಲ್ಲಿಯಂತೆ ಮೈ ಚಾಚಬೇಕಾಯಿತು. ಆದರೂ ಸೈಕಲ್ ಬಾಣದಂತೆ ಹೋಯಿತು. ಹಾಲಿನ ಡೈರಿಯ ಮುಂದೆ ಜನ ತಿರುಗಿ ನೋಡಿದರು. ಮಹಾಂತೇಶನಿಗೆ ಖುಷಿಯಾಯಿತು. ಸುತ್ತು ಮುಗಿಸಿ ಅಂಗಡಿಗೆ ಮರಳಿದಾಗ, ಅವನಿಗೇ ಬಂದ ಟೈಲುಗಳನ್ನು ಇಳಿಸಲು ಟ್ರ್ಯಾಕ್ಟರೊಂದು ಮೆಟ್ಟಿಲಿಗೆ ಅಡ್ಡ ನಿಂತಿತ್ತು.

ಆಗ ಅವನಿಗೆ ಹೊಳೆದದ್ದು: ಹತ್ತಲು ಕಟ್ಟೆ ಬೇಕಾದವನಿಗೆ ಇಳಿಯಲೂ ಕಟ್ಟೆ ಬೇಕು.

ಅರಳಿಕಟ್ಟೆಗೆ ಹೋದ. ಅಲ್ಲಿ ಪೇಪರು ಓದುವವರು ಅಂಚಿನ ತುಂಬ ಕಾಲು ಇಳಿಬಿಟ್ಟು ಕೂತಿದ್ದರು. ಬಸ್ ನಿಲ್ದಾಣದ ಕಟ್ಟೆಯ ಮುಂದೆ ಬಸ್ಸೇ ಇತ್ತು. ಮತ್ತೆ ಅಂಗಡಿಗೆ ಬಂದ. ಟ್ರ್ಯಾಕ್ಟರ್ ಇತ್ತು. ಮತ್ತೆ ಅರಳಿಕಟ್ಟೆ, ಮತ್ತೆ ನಿಲ್ದಾಣ, ಮತ್ತೆ ಅಂಗಡಿ. “ಬೇಗ ಇಳಿಸ್ರೋ!” ಎಂದು ಕೂಗುತ್ತ ಹಾದುಹೋದ. ಹಮಾಲರು ತಮ್ಮ ಯಜಮಾನ ಹೀಗೆ ಹಾರುವುದನ್ನು ನೋಡುತ್ತ ಕೆಲಸ ನಿಲ್ಲಿಸಿದರು.

“ಏನ್ರಿ ಇದು, ಹರಕೆ ಏನಾರ ಐತಾ?” ಎಂದು ಕೇಳಿದ ಪೇಪರು ಓದುವವನೊಬ್ಬ.

“ಹರಕೆ ಅಲ್ಲ, ಸ್ಟ್ಯಾಮಿನಾ,” ಎಂದ ಇನ್ನೊಬ್ಬ. “ನೋಡು, ಕಾಲು ಕೆಳಗೇ ಇಡವಲ್ಲ.”

ಮುಂದಿನ ಸುತ್ತಿಗೆ ಚಪ್ಪಾಳೆ ಶುರುವಾಯಿತು. ಅದರ ಮುಂದಿನ ಸುತ್ತಿಗೆ ವಿಡಿಯೊ. ಚಪ್ಪಾಳೆ ತಟ್ಟಲು ಎಲ್ಲರೂ ಎದ್ದು ನಿಂತರು. ಕಟ್ಟೆಯ ಅಂಚಿನಲ್ಲಿ ಜನ ಇನ್ನೂ ಹೆಚ್ಚಾದರು. ಮಹಾಂತೇಶನ ತೊಡೆ ಉರಿಯುತ್ತಿತ್ತು, ಗಂಟಲು ಒಣಗಿತ್ತು. ಆದರೆ ಊರು ತನ್ನನ್ನು ನೋಡಿ ಚಪ್ಪಾಳೆ ತಟ್ಟುವುದು ಯಾವ ಕಮೋಡು ಮಾರಿದಾಗಲೂ ಆಗಿರಲಿಲ್ಲ. ಅವನು ಒಂದು ಕೈ ಎತ್ತಿ ಬೀಸಿದ. ಸೈಕಲ್ ಒಮ್ಮೆ ಓಲಾಡಿತು. ಕೈ ತಕ್ಷಣ ಮರಳಿತು.

ಕೊನೆಗೂ ಟ್ರ್ಯಾಕ್ಟರ್ ಹೋಯಿತು. ಮಹಾಂತೇಶ್ ಮೆಟ್ಟಿಲಿಗೆ ಒರಗಿ, ಕಾಲು ಊರಿ, ದಸರೆಯ ಆನೆಯಿಂದ ಇಳಿದವನಂತೆ ಇಳಿದ.

ಅಷ್ಟರಲ್ಲಿ ಅಂಗಡಿಯ ಮುಂದೆಯೂ ನೆರೆದಿದ್ದ ಗುಂಪಿನಲ್ಲಿ ಭೂಮಾಪಕ ಈಶ್ವರ್ ಇದ್ದ. ದಿನವಿಡೀ ಜನರ ಹೊಲ ಅಳೆಯುವವನಿಗೆ ಕಣ್ಣಿನಲ್ಲೇ ಟೇಪಿದೆ. ಅವನು ಚಹದ ಲೋಟ ಹಿಡಿದು ಸೈಕಲ್ಲನ್ನು ಒಮ್ಮೆ, ಸವಾರನನ್ನು ಒಮ್ಮೆ ನೋಡಿದ.

“ಮಾಂತೇಶಣ್ಣ, ನಿಮ್ಮ ಎತ್ತರ ಎಷ್ಟು?”

“ಐದು ಹತ್ತು.”

“ಪಹಣಿಯಾಗೆ ಹಂಗಿರಬೋದು. ಸ್ಥಳದಾಗೆ ಅಷ್ಟು ಕಾಣವಲ್ದು. ಒತ್ತುವರಿ ಆದಂಗೈತಿ.”

ಸುತ್ತ ನಿಂತವರು ನಗುವ ಮೊದಲೇ ಲೋಕಮ್ಮ ತರಕಾರಿ ಚೀಲದೊಂದಿಗೆ ನಡುವೆ ಬಂದರು. “ಈಶ್ವರಣ್ಣ, ನಿಮ್ಮ ಟೇಪು ಹೊಲಕ್ಕೆ ಇಟ್ಕಳ್ರಿ. ನೀವು ಅಳೆದ ಹೊಲದೋರೆಲ್ಲ ಕೋರ್ಟಿನಾಗೇ ಅದಾರ.” ನಗು ಆ ಕಡೆಗೆ ತಿರುಗಿತು. ಈಶ್ವರ್ ಚಹ ಮುಗಿಸದೆ ಹೊರಟ.

ವಿಡಿಯೊ ಮಧ್ಯಾಹ್ನದೊಳಗೆ ಸೊರಬ ತಲುಪಿತು. ಗುರುಮಲ್ಲಪ್ಪನವರ ಫೋನು ಬಂತು. ಹಿಂದೆ ಗಿರಣಿಯ ಸದ್ದು, ಅದಕ್ಕೂ ಮೇಲೆ ಅವರ ದನಿ.

“ಅಳಿಯಂದ್ರೇ! ನೋಡಿದೆ, ನೋಡಿದೆ! ಇಲ್ಲೆಲ್ಲ ತೋರಿಸಿದೆ. ಆದ್ರೆ ಒಂದು ಕೇಳ್ಬೇಕು. ಅಂಗಡಿ ಮೆಟ್ಟಿಲ ಮೇಲೇ ಇಳಿದ್ರಲ್ಲ, ಅದ್ಯಾಕೆ?”

ಮಹಾಂತೇಶ್ ಹೆಂಡತಿಯ ಮುಖ ನೋಡಿದ. ಅಶ್ವಿನಿ ಸೊಪ್ಪು ಬಿಡಿಸುತ್ತಿದ್ದಳು, ತಲೆ ಎತ್ತಲಿಲ್ಲ.

“ಅದು... ರೇಸಿನ ಸೈಕಲ್ಲು ಮಾವಾರೇ. ಅದರ ಪದ್ಧತಿನೇ ಹಂಗೆ. ಕಟ್ಟೆಯಿಂದ ಹತ್ತಬೇಕು, ಕಟ್ಟೆ ಮೇಲೆ ಇಳೀಬೇಕು. ನೆಲದ ಮೇಲಿಂದ ಹತ್ತೋದು ಪೇಪರ್ ಹಾಕೋರ ಸೈಕಲ್ಲು.”

ಆಚೆ ಕಡೆ ಗಿರಣಿಯೂ ಒಂದು ಕ್ಷಣ ನಿಂತಂತಾಯಿತು.

“ಹೌದಾ ಮಾರಾಯ್ರೇ! ರಾಜರ ಕುದುರೆಗೂ ಹಂಗೇ ಇತ್ತಂತೆ. ಸರಿ, ಕೇಳಿ. ಗಿರಣಿಯ ಹೊಸ ಶೆಡ್ಡಿನ ಪೂಜೆ ಇಟ್ಟಿದೀನಲ್ಲ, ನೀವು ಆ ದಿನ ಬಸ್ಸಿಗೆ ಬರಬಾರದು, ಕಾರಿಗೂ ಬರಬಾರದು. ಆ ಸೈಕಲ್ಲಲ್ಲೇ ಬರ್ಬೇಕು. ನನ್ನ ತಮ್ಮನ ಮಗಳನ್ನ ಕೊಟ್ಟ ಕುಪ್ಪಗಡ್ಡೆ ಬೀಗರಿಗೆ ಹೇಳಿಬಿಟ್ಟಿದೀನಿ. ಅವರ ಅಳಿಯ ಬುಲೆಟ್ಟಿನಲ್ಲಿ ಬರ್ತಾನಂತೆ. ಬರ್ಲಿ! ಪೆಟ್ರೋಲ್ ಹಾಕಿದ್ರೆ ಯಾರು ಬೇಕಾದ್ರೂ ಬರ್ತಾರೆ.”

ಶಿಕಾರಿಪುರದಿಂದ ಶಿರಾಳಕೊಪ್ಪ, ಅಲ್ಲಿಂದ ಸೊರಬ. ಬಸ್ಸಿನಲ್ಲಿ ಒಂದು ನಿದ್ದೆಯ ದಾರಿ. ಐವತ್ತಾರರ ಮೇಲೆ ಹಲ್ಲಿಯಂತೆ ಮಲಗಿ ಹೋಗುವವನಿಗೆ ಅದು ಎಷ್ಟು ದೂರ ಎಂದು ಯಾವ ಮೈಲಿಗಲ್ಲೂ ಹೇಳುವುದಿಲ್ಲ. ಮಹಾಂತೇಶ್ ಬರುತ್ತೇನೆ ಎಂದ. ಐದು ಅಡಿ ಹತ್ತು ಇಂಚಿನ ಮನುಷ್ಯ ಬೇರೆ ಏನು ಹೇಳಲಾದೀತು?

ಅಂದಿನಿಂದ ಅವನು ದಿನಾ ಬೆಳಿಗ್ಗೆ ಅಭ್ಯಾಸ ಮಾಡಿದ. ಅಂಗಡಿಯಲ್ಲಿ ನಿಂತೇ ವ್ಯಾಪಾರ ಮಾಡಿದ. ಕೂರಿ ಎಂದವರಿಗೆ “ಕೂತು ಸಾಕಾಗೈತ್ರಿ” ಎಂದು ಸುಳ್ಳು ಹೇಳಿದ. ಒಂದು ಸಂಜೆ ಅಶ್ವಿನಿ ಅವನಿಗೆ ಕೊಬ್ಬರಿ ಎಣ್ಣೆಯ ಬಾಟಲಿ ಕೊಟ್ಟು, ತಾನು ಮಾಡಿದ ಕೆಲಸ ಹೇಳಿದಳು. ಕಂಪನಿಗೆ ಫೋನು ಮಾಡಿದ್ದಳು. ಅವರು ದೊಡ್ಡದನ್ನು ಹಿಂದಕ್ಕೆ ಪಡೆದು ಐವತ್ತೆರಡರ ಸೈಜು ಕೊಡಲು ಒಪ್ಪಿದ್ದರು.

“ಬೇಡ ಅಂದಿದ್ನಲ್ಲೇ! ಇಲ್ಲಿ ಆ ಈಶ್ವರ ನೋಡಿದ್ರೆ—”

“ಇಲ್ಲಿಗೆ ಬರಲ್ಲ. ಸೊರಬದ ಅಡ್ರೆಸ್ ಕೊಟ್ಟೀನಿ. ಪೂಜೆ ದಿನ ಸಂಜೆ ತರ್ತಾರಂತೆ. ಅಷ್ಟೊತ್ತಿಗೆ ನೆಂಟರೆಲ್ಲ ಹೋಗಿರ್ತಾರ, ಅಪ್ಪಾಜಿ ಮಲಗಿರ್ತಾರ. ಹಿತ್ತಿಲಿನಾಗೆ ದೊಡ್ಡದು ಕೊಟ್ಟು ಸಣ್ಣದು ತಗಳಾನ. ಅದೂ ಕಪ್ಪೇ ಐತಿ. ದೂರದಿಂದ ಯಾರಿಗೂ ಗೊತ್ತಾಗಲ್ಲ.”

ಮಹಾಂತೇಶ್ ತನ್ನ ಹೆಂಡತಿಯನ್ನು ಹೊಸದಾಗಿ ನೋಡಿದ. ಇಷ್ಟು ಒಳ್ಳೆಯ ಮೋಸ ಅವರ ಮನೆಯಲ್ಲಿ ಇದುವರೆಗೆ ಯಾರೂ ಮಾಡಿರಲಿಲ್ಲ. ಒಂದೇ ಒಂದು ಸಲ ಸೊರಬ ಮುಟ್ಟಿದರೆ ಸಾಕು, ಮಾನವೂ ಉಳಿಯುತ್ತದೆ, ಮೈಯೂ ಉಳಿಯುತ್ತದೆ.

ಪೂಜೆಯ ದಿನ ಅವನು ಅಂಗಡಿಯ ಮೆಟ್ಟಿಲಿನಿಂದ ಹೊರಟ. ಕಾಲಿಗೆ ಅಂಟಿದ ಕಪ್ಪು ಚಡ್ಡಿ, ಹಳದಿ ಅಂಗಿ, ತಲೆಗೆ ಕಲ್ಲಂಗಡಿಯಂಥ ಹೆಲ್ಮೆಟ್ಟು. ಲೋಕಮ್ಮ ಆರತಿ ಎತ್ತಿ, ತಾವು ಬಸ್ಸಿಗೆ ಬರುತ್ತೇನೆಂದರು. ಅಶ್ವಿನಿ ಸ್ಕೂಟಿಯಲ್ಲಿ ಮುಂದೆ ಹೋದಳು. ಅವಳ ಕೆಲಸ ಕಟ್ಟೆ ಹುಡುಕುವುದು. “ಮುಂದೆ ಬಸ್ ಸ್ಟಾಪು, ಎಡಕ್ಕೆ!” ಎಂದು ಅವಳು ಕೈ ಮಾಡುತ್ತಿದ್ದಳು, ಅವನು ಹೋಗಿ ಕಟ್ಟೆಗೆ ಒರಗಿ ನೀರು ಕುಡಿಯುತ್ತಿದ್ದ. ನಮ್ಮ ತಾಲ್ಲೂಕಿನ ಹಳ್ಳಿಗಳಲ್ಲಿ ಕಟ್ಟೆಗಳಿಗೆ ಬರವಿಲ್ಲ. ಅಲ್ಲಿ ಕೂತಿದ್ದವರು ಸವಾರನಿಗೆ ಜಾಗ ಬಿಟ್ಟು, ಸೊರಬದ ಅಳಿಯನಂತೆ, ಮಾವನ ಮನೆಗೆ ಹೊರಟಾನಂತೆ ಎಂದು ಫೋನಿನಲ್ಲಿ ಮುಂದಿನ ಊರಿಗೆ ಸುದ್ದಿ ಮುಟ್ಟಿಸುತ್ತಿದ್ದರು.

ತೊಂದರೆಯಾದದ್ದು ಶಿರಾಳಕೊಪ್ಪದಲ್ಲಿ. ಸಂತೆಯ ದಿನ. ರಸ್ತೆಯ ತುಂಬ ಮೂಟೆ, ಬುಟ್ಟಿ, ಜನ. ಸ್ಕೂಟಿ ಸಂದಿಯಲ್ಲಿ ನುಸುಳಿ ಹೋಯಿತು. ಮಹಾಂತೇಶನ ವೇಗ ಕಡಿಮೆಯಾಯಿತು, ಇನ್ನೂ ಕಡಿಮೆಯಾಯಿತು, ಸೈಕಲ್ ವಾಲತೊಡಗಿತು. ಬೀಳುವುದೇ ಸರಿ ಎನ್ನುವಾಗ ಪಕ್ಕದಲ್ಲಿ ಈರುಳ್ಳಿ ತುಂಬಿದ ಲಗೇಜ್ ಆಟೊ ನಿಂತಿತ್ತು. ಅವನು ಅದರ ಹಿಂದಿನ ಹಲಗೆಯ ಮೇಲೆ ಕಾಲಿಟ್ಟ. ಮೂಟೆಯ ಹಗ್ಗ ಹಿಡಿದ. ಆಗಲೇ ಆಟೊ ಹೊರಟಿತು.

“ಏ ತಮ್ಮಾ! ನಿಲ್ಸೋ!” ಎಂದ.

ಡ್ರೈವರು ಕನ್ನಡಿಯಲ್ಲಿ ನೋಡಿದ. ಹಳದಿ ಅಂಗಿ, ಹೆಲ್ಮೆಟ್ಟು, ತನ್ನ ಗಾಡಿಗೆ ಕೈ ಹಚ್ಚಿದ ವೀರ. ವಿಡಿಯೊ ಅವನೂ ನೋಡಿದ್ದ.

“ನಿಲ್ಲಬಾರದ್ರಿ ನೀವು! ನನಗೆ ಗೊತ್ತೈತಿ!” ಎಂದು ಕೂಗಿ ಹಾರ್ನು ಒತ್ತಿದ. “ಸರೀರಿ, ಸರೀರಿ! ಶಿಕಾರಿಪುರದೋರು ಬರಾಕತ್ಯಾರ!”

ಸಂತೆ ಎರಡು ಪಾಲಾಯಿತು. ಒಂದು ಕಾಲು ಪೆಡಲಿನ ಮೇಲೆ, ಒಂದು ಕಾಲು ಆಟೊದ ಮೇಲೆ, ಮುಖ ಈರುಳ್ಳಿ ಮೂಟೆಗೆ ತಾಗಿ, ಕಣ್ಣಲ್ಲಿ ನೀರು ಸುರಿಯುತ್ತ ಮಹಾಂತೇಶ್ ಶಿರಾಳಕೊಪ್ಪದ ನಡುವೆ ಮೆಲ್ಲಗೆ ಸಾಗಿದ. ಬೆಲ್ಲ ಮಾರುವ ಮುದುಕಿಯೊಬ್ಬಳು, “ಪಾಪ, ಊರಿನ ಪ್ರೀತಿ ನೋಡಿ ಅಳಾಕತ್ಯಾನ,” ಎಂದಳು. ಊರಾಚೆ ಬಯಲು ರಸ್ತೆ ಸಿಕ್ಕಾಗ ಆಟೊ ಅವನನ್ನು ಬಿಟ್ಟುಕೊಟ್ಟಿತು.

ಸೊರಬದ ಗಿರಣಿಯ ಮುಂದೆ ಶಾಮಿಯಾನ ಹಾಕಿತ್ತು. ಅಶ್ವಿನಿ ಮೊದಲೇ ತಲುಪಿದ್ದಳು. ಆದರೆ ಅವಳು ಕೈ ಮಾಡಿ ಕಟ್ಟೆ ತೋರಿಸುವ ಅಗತ್ಯವಿರಲಿಲ್ಲ. ಶೆಡ್ಡಿನ ಬಾಗಿಲ ಎದುರಿಗೆ, ನಡು ಅಂಗಳದಲ್ಲಿ, ಹೊಸ ಕಟ್ಟೆ ಎದ್ದಿತ್ತು. ಸಿಮೆಂಟಿನ ವಾಸನೆ ಇನ್ನೂ ಹೋಗಿರಲಿಲ್ಲ. ನಾಲ್ಕು ಮೂಲೆಗೆ ಬಾಳೆಕಂದು, ಮೇಲೆ ರಂಗೋಲಿ, ಹತ್ತಲು ಮೂರು ಮೆಟ್ಟಿಲು. ಬದಿಗೆ ಟೈಲು ಹಚ್ಚಿಸಿದ್ದರು, ನೀಲಿ ಹೂವಿನದು, ಅಳಿಯನ ಅಂಗಡಿಯಿಂದಲೇ ತರಿಸಿದ್ದು.

“ಇಲ್ಲೇ! ಇಲ್ಲೇ ಇಳೀರಿ ಅಳಿಯಂದ್ರೇ!” ಗುರುಮಲ್ಲಪ್ಪನವರು ಎರಡೂ ಕೈ ಬೀಸಿ ಕರೆದರು. ಆಮೇಲೆ ನೆಂಟರ ಕಡೆ ತಿರುಗಿ ವಿವರಿಸಿದರು. “ಈ ಸೈಕಲ್ಲಿನ ಪದ್ಧತಿ ಇದು. ಇಡೀ ಸೊರಬದಲ್ಲಿ ಇದಕ್ಕೆ ಅಂತ ಕಟ್ಟಿಸಿದ ಕಟ್ಟೆ ಇದೊಂದೇ. ಬುಲೆಟ್ಟು ಎಲ್ಲಿ ಬೇಕಾದ್ರೂ ನಿಲ್ಲುತ್ತೆ, ನಾಯಿ ಥರ.”

ಕುಪ್ಪಗಡ್ಡೆಯ ಬೀಗರು ತಮ್ಮ ಅಳಿಯನ ಬುಲೆಟ್ಟಿನ ಕಡೆ ನೋಡಿದರು. ಅದು ತೆಂಗಿನ ಚಿಪ್ಪಿನ ರಾಶಿಯ ಪಕ್ಕ ನಿಂತಿತ್ತು.

ಮಹಾಂತೇಶ್ ಕಟ್ಟೆಗೆ ಒರಗಿದ, ಕಾಲು ಊರಿದ, ಇಳಿದ. ಅತ್ತೆ ನೀಲಾಂಬಿಕಮ್ಮನವರು ಹಾರ ತಂದರು; ಕಟ್ಟೆಯ ಮೇಲೆ ನಿಂತ ಅಳಿಯನ ಕೊರಳು ಕೈಗೆ ಎಟುಕಲಿಲ್ಲ. “ಎಷ್ಟು ಎತ್ತರ ಕಣ್ರೀ!” ಎಂದರು ಯಾರೋ. ಬಸ್ಸಿಗೆ ಬಂದಿದ್ದ ಲೋಕಮ್ಮ, “ನಾನು ನೋಡಿ ತಂದ ಹುಡುಗ,” ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿದರು. ಮಹಾಂತೇಶನ ಮೈಯ ಕೆಳಗಿನ ಅರ್ಧ ಯಾರದೋ ಎಂಬಂತಾಗಿತ್ತು. ಮೇಲಿನ ಅರ್ಧ ಹೆಮ್ಮೆಯಿಂದ ಬೀಗುತ್ತಿತ್ತು. ಸಂಜೆಯವರೆಗೆ ತಡೆದುಕೊಂಡರೆ ಸಾಕು ಎಂದು ಅವನು ಅಶ್ವಿನಿಗೆ ಕಣ್ಣಲ್ಲೇ ಹೇಳಿದ. ಅವಳು ಕಣ್ಣಲ್ಲೇ ಹೂಂ ಎಂದಳು.

ಹೇಳಿದ ಹೊತ್ತಿಗೆ ಬಾರದಿರುವುದು ಪಾರ್ಸೆಲ್ಲುಗಳ ಧರ್ಮ. ಈ ಪಾರ್ಸೆಲ್ಲು ಧರ್ಮವನ್ನು ಉಲ್ಟಾ ಪಾಲಿಸಿತು. ಮಂಗಳಾರತಿ ಆಗಿ ಹೋಳಿಗೆಯ ಮೊದಲ ಪಂಕ್ತಿ ಕೂರುವಾಗ ಅಂಗಳಕ್ಕೆ ವ್ಯಾನು ಬಂತು. ಡೆಲಿವರಿಯವನು ಇಳಿದು ಉದ್ದನೆಯ ಪೆಟ್ಟಿಗೆಯನ್ನು ಎಲ್ಲರ ನಡುವೆ ತಂದಿಟ್ಟ. ಅದರೊಳಗಿನದನ್ನು ಅರ್ಧ ಹೊರಗೆ ಎಳೆದ.

“ಸೈಕಲ್ ಎಕ್ಸ್‌ಚೇಂಜ್ ಯಾರ್ದು ಸಾರ್? ದೊಡ್ಡದು ಕೊಡ್ಬೇಕು, ಈ ಸಣ್ಣದು ತಗೋಬೇಕು.”

ಹೋಳಿಗೆ ಬಡಿಸುವವರು ನಿಂತರು. ಲೋಕಮ್ಮನವರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅಶ್ವಿನಿ ಅಪ್ಪನ ಮುಖ ನೋಡುವ ಧೈರ್ಯವಿಲ್ಲದೆ ತುಪ್ಪದ ಗಿಂಡಿ ನೋಡಿದಳು.

“ಸಣ್ಣದು?” ಎಂದರು ಗುರುಮಲ್ಲಪ್ಪನವರು. “ಯಾರಿಗೆ ಸಣ್ಣದು?”

ಇಡೀ ಸೊರಬ, ಅದರ ಜೊತೆಗೆ ಕುಪ್ಪಗಡ್ಡೆಯ ಮುಖ್ಯ ಭಾಗ, ಮಹಾಂತೇಶನ ಕಡೆ ತಿರುಗಿತು. ಸುಳ್ಳು ಹೇಳಿ ಅಭ್ಯಾಸವಿಲ್ಲದವನು ಆ ಜಾಗದಲ್ಲಿ ಸತ್ತೇ ಹೋಗುತ್ತಿದ್ದ. ಮಹಾಂತೇಶ್ ವರ್ಷಗಳಿಂದ ಐದು ಇಂಚಿನ ಸುಳ್ಳನ್ನು ಹೊತ್ತು ತಿರುಗಿದವನು. ಅವನು ಕೈ ಜೋಡಿಸಿದ.

“ನಿಮಗೆ, ಮಾವಾರೇ.”

“ನಂಗಾ?”

“ಹೌದ್ರಿ. ನಾನೊಬ್ಬನೇ ಹತ್ತಿ ಮೆರೆಯೋದು ನನ್ನ ಮನಸ್ಸಿಗೆ ಸರಿ ಬರಲಿಲ್ಲ. ನನ್ನದನ್ನ ಕಂಪನಿಗೆ ಕೊಟ್ಟು ನಿಮಗೆ ಅಂತ ಇದನ್ನ ತರಿಸೀನಿ. ಇವತ್ತು ಬಂದಿದ್ದು ಅದರ ಕೊನೇ ಸವಾರಿ.”

ಶಾಮಿಯಾನದ ತುಂಬ ಚಪ್ಪಾಳೆ. ನೀಲಾಂಬಿಕಮ್ಮನವರು ಕಣ್ಣು ಒರೆಸಿಕೊಂಡರು. “ಮಾವನ ಹತ್ರ ಉಂಗುರ ಕೇಳೋ ಅಳಿಯಂದಿರ್ನ ನೋಡಿದೀವಿ, ಮಾವನಿಗೇ ಕೊಡೋ ಅಳಿಯನ್ನ ನೋಡಿರಲಿಲ್ಲ,” ಎಂದರು ಒಬ್ಬ ಹಿರಿಯರು, ಬುಲೆಟ್ಟಿನ ಅಳಿಯನಿಗೆ ಕೇಳುವಂತೆ. ಅಶ್ವಿನಿ ಬಾಯಿ ತೆರೆದು ಗಂಡನನ್ನೇ ನೋಡಿದಳು. ಇಷ್ಟು ಬೇಗ ಅವನು ತನ್ನನ್ನು ಮೀರಿಸುತ್ತಾನೆಂದು ಅವಳು ಎಣಿಸಿರಲಿಲ್ಲ.

“ಒಂದೇ ಮಾತು,” ಎಂದ ಮಹಾಂತೇಶ್, ಗೆಲುವಿನ ಬಿಸಿಯಲ್ಲಿ. “ಹೊಸಾ ಸೈಕಲ್ಲು ಹದ ಆಗಬೇಕು. ನಿಮಗೆ ಅಭ್ಯಾಸ ಆಗೋತನಕ ಶಿಕಾರಿಪುರದಾಗೆ ನಾನೇ ಇಟ್ಕಂಡು ಓಡಿಸಿ ಕೊಡ್ತೀನಿ. ಅದಕ್ಕೆ ಒಂದು ವರ್ಷ ಆಗಲಿ, ಎರಡು ವರ್ಷ ಆಗಲಿ.”

ಡೆಲಿವರಿಯವನು ಸಣ್ಣ ಸೈಕಲ್ಲನ್ನು ಪೂರ್ತಿ ಹೊರಗೆಳೆದು, ಚಕ್ರ ಸಿಕ್ಕಿಸಿ ನಿಲ್ಲಿಸಿದ. ಎಷ್ಟು ಮುದ್ದಾಗಿತ್ತು! ಅದರ ನಡುವಿನ ಕೊಳವೆ ಇರಬೇಕಾದಷ್ಟೇ ಎತ್ತರದಲ್ಲಿತ್ತು. ಅದರ ಹ್ಯಾಂಡಲು ಇಲ್ಲೇ, ಕೈಗೆ ಸಿಗುವಲ್ಲಿ ಇತ್ತು. ಮಹಾಂತೇಶ್ ಅದನ್ನು ನೋಡಿದ ಬಗೆಯಲ್ಲಿ ಮದುವೆಯ ದಿನ ಹೆಂಡತಿಯನ್ನೂ ನೋಡಿರಲಿಲ್ಲ.

ಗುರುಮಲ್ಲಪ್ಪನವರು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಸೀಟಿನ ಮೇಲೆ ಕೈಯಿಟ್ಟರು. “ಅಳಿಯಂದ್ರೇ...” ಎನ್ನುತ್ತ ಅದನ್ನು ಸವರಿದರು.

“ತಗಳಿ ಬೀಗ್ರೇ, ತಗಳಿ,” ಎಂದರು ಕುಪ್ಪಗಡ್ಡೆಯ ಬೀಗರು ಎಲೆಯ ಮುಂದಿನಿಂದಲೇ, ಹೋಳಿಗೆ ಮುರಿಯುತ್ತ. “ನಿಮ್ಮ ಅಳತೆಗೆ ಹೇಳಿ ಮಾಡಿಸಿದಂಗೈತೆ.”

“ಹೌದು ಸಾರ್,” ಎಂದು ಡೆಲಿವರಿಯವನು ಒಳ್ಳೆಯ ಮನಸ್ಸಿನಿಂದಲೇ ಸೇರಿಸಿದ. “ಈ ಸೈಜು ಕುಳ್ಳಗಿರೋರಿಗೆ ಅಂತಾನೇ ಬರುತ್ತೆ.”

ಗುರುಮಲ್ಲಪ್ಪನವರ ಕೈ ಸೀಟಿನಿಂದ ಸರಿಯಿತು. ಅವರು ಬೀಗರ ಕಡೆ ನೋಡಿದರು. ಬುಲೆಟ್ಟಿನ ಕಡೆ ನೋಡಿದರು. ಆಮೇಲೆ ಬಾಳೆಕಂದುಗಳ ನಡುವೆ ನಿಂತ ಎತ್ತರದ ಕಪ್ಪು ಸೈಕಲ್ಲನ್ನು, ಅದಕ್ಕೆಂದೇ ಕಟ್ಟಿಸಿದ ಕಟ್ಟೆಯನ್ನು ನೋಡಿದರು. ಬೆನ್ನು ಎಷ್ಟು ನೆಟ್ಟಗಾಗಬಹುದೋ ಅಷ್ಟು ನೆಟ್ಟಗಾಯಿತು.

“ಈ ಸಣ್ಣದನ್ನ ವಾಪಸ್ ತಗಂಡು ಹೋಗಪ್ಪ,” ಎಂದರು ಡೆಲಿವರಿಯವನಿಗೆ.

“ಮಾವಾರೇ, ಒಂದ್ಸಲ ಹತ್ತಿ ನೋಡ್ರಿ,” ಎಂದ ಮಹಾಂತೇಶ್. ಸಣ್ಣ ಸೈಕಲ್ಲಿನ ಹ್ಯಾಂಡಲು ಹಿಡಿದುಕೊಂಡ. “ನಿಮ್ಮ ಕಾಲಿಗೆ ಬೀಳ್ತೀನಿ, ಒಂದೇ ಒಂದ್ಸಲ.”

“ಹತ್ತೋದಾದ್ರೆ ಆ ದೊಡ್ಡದನ್ನೇ ಹತ್ತೋಣ, ನಾನೂ, ನೀವೂ. ಸಣ್ಣದು ಬೇಡ.”